ತಾಮ್ರ ಹೊಕ್ಕ ಹೊತ್ತು

ಎಷ್ಟು ತೊಳೆದರೂ ನೀಲಿ ಹೋಗಲಿಲ್ಲ. ಸಭಾಂಗಣದ ತುಂಬ ಕೂತಿದ್ದ ದೊಡ್ಡವರೆಲ್ಲ ಅದನ್ನು ಕಣ್ಣಾರೆ ಕಂಡರು.

ತನ್ನ ಪ್ರೋಟೀನು ಮ್ಯಾಂಗನೀಸನ್ನು ಮಾತ್ರ ಹಿಡಿದಿಟ್ಟುಕೊಳ್ಳುತ್ತದೆ, ಮೇಲೆ ತಾಮ್ರ ಸುರಿದರೂ ಬಿಡುವುದಿಲ್ಲ ಎಂದು ತೋರಿಸಲು ಸಂಶೋಧಕಿ ನಿಂತಿದ್ದಳು. ಪ್ರೋಟೀನಿದ್ದ ಕಂದು ಸೀಸೆಗೆ ತಾಮ್ರದ ನೀಲಿ ದ್ರಾವಣ ಸುರಿದಳು. ಬಿಡಿ ತಾಮ್ರವನ್ನೆಲ್ಲ ತೊಳೆದು, ಉಳಿದದ್ದನ್ನು ಗಾಜಿನ ಕೊಳವೆಗೆ ಬಗ್ಗಿಸಿದಳು. ಅಚ್ಚ ನೀಲಿ. ಪ್ರೋಟೀನು ತಾಮ್ರವನ್ನೇ ಹಿಡಿದು ಕೂತಿತ್ತು.

ಸಂಜೆಯೊಳಗೆ ಸಂಶೋಧನಾ ಸಂಸ್ಥೆಯ ನಿರ್ದೇಶಕರು ಠಾಣೆಗೆ ದೂರು ಕೊಟ್ಟರು: ಸುಳ್ಳು ಫಲಿತಾಂಶ ತೋರಿಸಿ ಸಂಸ್ಥೆಗೆ ವಂಚಿಸಿದ್ದಾಳೆ.

ತನಿಖೆ ಬಿದ್ದದ್ದು ಇನ್‌ಸ್ಪೆಕ್ಟರ್ ತಕರಾರಮ್ಮನ ತಲೆಗೆ. ಠಾಣೆಯಲ್ಲಿ ಆಕೆಗೆ ಅದೇ ಹೆಸರು. "ತಪ್ಪೊಪ್ಪಿಗೆ ಬರೆಸಿಕೊಂಡು ಮುಗಿಸಿ" ಎಂದರು ಮೇಲಧಿಕಾರಿ. ಮುಗಿಸು ಎಂದರೆ ಶುರುಮಾಡುವುದು ಆಕೆಯ ಜಾಯಮಾನ.

* * *

"ಬರೆದುಕೊಡ್ತೀಯೇನಮ್ಮ?" ಪ್ರಯೋಗಾಲಯಕ್ಕೆ ಬಂದ ತಕರಾರಮ್ಮ ಕೇಳಿದರು.

"ಕೊಡಲ್ಲ. ಕೆಲಸ ಹೋದ್ರೆ ಹೋಗ್ಲಿ. ಮಾಡದ ತಪ್ಪಿಗೆ ತಲೆ ಬಗ್ಗಿಸಲ್ಲ."

ಸಂಶೋಧಕಿ ಫ್ರೀಜರಿನಿಂದ ಹಳೆಯ ಸೀಸೆಯೊಂದನ್ನು ತೆಗೆದಳು. ಹಿಂದೆ ತಾನೇ ಮಾಡಿಟ್ಟ ಅದೇ ಪ್ರೋಟೀನು. ತಾಮ್ರ ಸುರಿದಳು, ತೊಳೆದಳು. ನೀರಿನಷ್ಟು ತಿಳಿ.

"ತಾಮ್ರ ಮಹಾ ಪುಂಡ ಮೇಡಂ. ಯಾರ ಸೀಟಾದ್ರೂ ಸರಿ, ತಳ್ಳಿ ಕೂತ್ಕೊಳುತ್ತೆ. ಆದ್ರೆ ಪ್ರೋಟೀನು ಮೊದಲು ಬಿಚ್ಚಿದ ದಾರದ ಹಾಗಿರುತ್ತೆ. ಆಗ ಸುತ್ತ ಬರೀ ಮ್ಯಾಂಗನೀಸ್ ಇಟ್ರೆ, ಅದನ್ನ ಒಳಗಿಟ್ಕೊಂಡೇ ಮಡಚ್ಕೊಳುತ್ತೆ. ಆಮೇಲೆ ತಾಮ್ರ ಬಾಗಿಲು ಬಡಿದ್ರೂ ತೆಗೆಯಲ್ಲ."

"ಮಡಚ್ಕೊಳೋವಾಗ್ಲೇ ತಾಮ್ರ ಇದ್ರೆ?"

"ತಾಮ್ರಾನೇ ಒಳಗೆ."

ತಕರಾರಮ್ಮ ರಾಸಾಯನಿಕಗಳನ್ನು ಕೊಡುವ ಉಗ್ರಾಣಿಯನ್ನು ಹಿಡಿದರು. ಮ್ಯಾಂಗನೀಸಿನ ಡಬ್ಬಿಯಲ್ಲೇ ತಾಮ್ರದ ಬೆರಕೆಯಿತ್ತೇ? ಪರೀಕ್ಷೆ ಮಾಡಿಸಿದರು. ಡಬ್ಬಿ ಶುದ್ಧ, ನೀರೂ ಶುದ್ಧ.

"ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕ್ತೀರಲ್ಲ" ಎಂದು ಉಗ್ರಾಣಿ ಗೊಣಗಿದ.

"ಈ ಸಲ ಮಡಚ್ಕೊಳೋಕೆ ಇಟ್ಟಾಗ ನೀನೆಲ್ಲಿದ್ದೆ?" ತಕರಾರಮ್ಮ ಸಂಶೋಧಕಿಯನ್ನು ಕೇಳಿದರು.

"ಅಕ್ಕನಿಗೆ ಹೆರಿಗೆ ನೋವು ಬಂತು. ಎಲ್ಲ ಸಿದ್ಧಮಾಡಿ, ಕೋಣೆಯ ಕೀ ನಿರ್ದೇಶಕರಿಗೆ ಕೊಟ್ಟು ಆಸ್ಪತ್ರೆಗೆ ಓಡ್ದೆ. ಅವರು ನನ್ನ ಕೆಲಸ ಮುಟ್ಟೋದಿಲ್ಲ ಬಿಡಿ, ನಂಬೋದೇ ಇಲ್ಲ. ಯಾವ ಪ್ರೋಟೀನಾದ್ರೂ ಕೊನೆಗೆ ತಾಮ್ರಾನೇ ಗೆಲ್ಲೋದು ಅಂತ ವರ್ಷಗಟ್ಟಲೆ ಪಾಠ ಮಾಡಿದೋರು."

ನಂಬದವನು ಕೆಡಿಸುವುದಕ್ಕೆ ಯಾಕೆ ಹೋಗುತ್ತಾನೆ? ತಕರಾರಮ್ಮನಿಗೆ ಅಲ್ಲೇ ಮುಳ್ಳು ಚುಚ್ಚಿತು.

* * *

ಮರುದಿನ ನಿರ್ದೇಶಕರ ಕೋಣೆ. ಸಂಶೋಧಕಿ ಗೋಡೆಗೊರಗಿ ನಿಂತಿದ್ದಳು.

"ಗೊತ್ತಾಯ್ತು ಸಾರ್," ಎಂದರು ತಕರಾರಮ್ಮ. "ಸಭೆ ದಿನ ಬೆಳಿಗ್ಗೆ ಯಾರೋ ಸೀಸೆಗೆ ವಿಪರೀತ ತಾಮ್ರ ಹಾಕಿದಾರೆ. ಜಾಸ್ತಿ ಆಗಿ ಮ್ಯಾಂಗನೀಸ್ ಎದ್ದುಹೋಗಿದೆ."

ತಪ್ಪು ಉತ್ತರ ಕಿವಿಗೆ ಬಿದ್ದರೆ ಮೇಷ್ಟ್ರ ನಾಲಿಗೆ ಸುಮ್ಮನಿರುವುದುಂಟೇ?

"ಎಷ್ಟು ಹಾಕಿದ್ರೂ ಏಳಲ್ಲ ಕಣ್ರೀ. ಪ್ರೋಟೀನು ಮಡಚ್ಕೊಳೋಕೆ ಮುಂಚೆನೇ ತಾಮ್ರ ಸೇರಿರ್ಬೇಕು."

ಸಂಶೋಧಕಿ ಥಟ್ಟನೆ ತಲೆಯೆತ್ತಿದಳು.

"ಏಳಲ್ವಾ?" ತಕರಾರಮ್ಮ ಮೆಲ್ಲಗೆ ಕೇಳಿದರು. "ಏಳುತ್ತೆ, ಇವಳು ಹೇಳೋದು ಸುಳ್ಳು ಅಂತಲ್ವಾ ನಿಮ್ಮ ದೂರು?"

ನಿರ್ದೇಶಕರು ಮೇಜಿನ ಮೇಲಿದ್ದ ದೂರಿನ ಪ್ರತಿಯನ್ನು ತಮ್ಮತ್ತ ಎಳೆದುಕೊಂಡರು.

"ಸುಳ್ಳು ಅಂತ ನಂಬಿದ್ದಿದ್ರೆ ನೀವೇನೂ ಮಾಡ್ಬೇಕಾಗಿರ್ಲಿಲ್ಲ ಸಾರ್. ಸಭೇಲಿ ಇವಳೇ ತಾಮ್ರ ಸುರಿದು ತಾನಾಗೇ ಸೋಲ್ತಿದ್ಳು. ನೀವು ಇವಳ ಹಳೇ ಪ್ರೋಟೀನನ್ನ ಕದ್ದು ಪರೀಕ್ಷೆ ಮಾಡಿದ್ರಿ. ನಿಜ ಅಂತ ಗೊತ್ತಾಯ್ತು. ಇಷ್ಟು ವರ್ಷದ ಪಾಠ ಮಣ್ಣುಪಾಲಾಗುತ್ತೆ ಅಂತ ಹೊಟ್ಟೆ ಉರೀತು. ಕೀ ಕೈಗೆ ಸಿಕ್ತು. ದಾರ ಮಡಚ್ಕೊಳೋ ಮೊದಲೇ ತಾಮ್ರ ಬೆರೆಸಿದ್ರಿ. ಇವಳ ಮಾತನ್ನ ನಿಮ್ಮಷ್ಟು ನಂಬಿದೋರು ಈ ಕಟ್ಟಡದಲ್ಲಿ ಇನ್ಯಾರೂ ಇಲ್ಲ."

ನಿರ್ದೇಶಕರ ದನಿ ಇಳಿಯಿತು. "ದೂರು ವಾಪಸ್ ತಗೋತೀನಿ. ಕ್ಷಮೆಯೂ ಕೇಳ್ತೀನಮ್ಮ. ಒಳಗೊಳಗೇ ಮುಗಿಸೋಣ."

"ಒಳಗೊಳಗೇ ಯಾಕೆ ಸಾರ್?" ಸಂಶೋಧಕಿ ಗೋಡೆ ಬಿಟ್ಟು ಮೇಜಿನ ಬಳಿಗೆ ಬಂದಳು. "ನನ್ನ ಮಾನ ಹೋಗಿದ್ದು ನೂರಾರು ಜನರ ಮುಂದೆ. ಅವರನ್ನೆಲ್ಲ ವಾಪಸ್ ಕರೆಸಿ. ನಾನು ಹೊಸದಾಗಿ ಮಾಡಿ ತರ್ತೀನಿ. ತಾಮ್ರ ಮಾತ್ರ ಈ ಸಲ ನಾನು ಸುರಿಯಲ್ಲ. ಎಲ್ಲರೆದುರು ನಿಂತು ನೀವೇ ಸುರೀಬೇಕು."