ಕಳ್ಳರು ಬಿಟ್ಟುಹೋದ ಕೊನೆಯ ಹಾಳೆ

ಬಸವೇಶ್ವರನಗರದ ಆ ಪುಟ್ಟ ಅನುವಾದ ಕಚೇರಿಯಲ್ಲಿ ಬೆಳಗ್ಗೆ ಫೈಲು ತೆರೆದ ದೀಪ್ತಿ ಹಾಗೇ ನಿಂತುಬಿಟ್ಟಳು. ಐದು ಹಾಳೆ ಇರಬೇಕಾದ ಕಡೆ ಒಂದೇ ಇತ್ತು.

"ಮೇಡಂ, ಹೇಮಶ್ರೀ ಅವರ ಕೋರ್ಟ್ ಆದೇಶ ಇಲ್ಲ!"

ಪ್ರಭಾ ಮೇಡಂ ಓಡಿಬಂದರು. ಮೂವತ್ತು ವರ್ಷ ಫ್ರೆಂಚ್ ಕಲಿಸಿ, ಈಗ ಕಾನೂನು ಪತ್ರಗಳನ್ನು ಇಂಗ್ಲಿಷಿಗೆ ತರುವವರು. ಹೇಮಶ್ರೀ ಮೇಡಂ ಹತ್ತಿರ ಫ್ರೆಂಚ್ ಕಲಿತ ಹಳೆಯ ಶಿಷ್ಯೆ. ಫ್ರಾನ್ಸಿನ ಲಿಯೋನ್ ಊರಿನಲ್ಲಿ ಅವಳು ನೋಡಿಕೊಳ್ಳುತ್ತಿದ್ದ ಒಂಟಿ ಅಜ್ಜಿ ಅವಳನ್ನು ದತ್ತು ಪಡೆದಿದ್ದರು. ಇಲ್ಲಿನ ದಾಖಲೆಗಳಲ್ಲಿ ಹೆಸರು ಬದಲಾವಣೆಗೆ ಆ ಆದೇಶ ಇವತ್ತೇ ವಕೀಲರ ಕೈ ಸೇರಬೇಕಿತ್ತು.

ಫ್ರೆಂಚ್ ಮೂಲದ ಎರಡು, ಇಂಗ್ಲಿಷಿನ ಎರಡು ಹಾಳೆ ಮಾಯ. ಉಳಿದದ್ದು ಟಿಪ್ಪಣಿಯ ಹಾಳೆ. 'ಅದೊಪ್ಸಿಯೋಂ ಸ್ಯಾಂಪ್ಲ್' ಎಂಬ ದತ್ತಿನ ಹೆಸರಿಗೆ ಸರಿಸಾಟಿ ಇಂಗ್ಲಿಷ್ ಪದವಿಲ್ಲವೆಂದು ಮೇಡಂ ಅದನ್ನು ಹಾಗೇ ಉಳಿಸಿ, ಅರ್ಥವನ್ನು ಅಲ್ಲಿ ಬಿಡಿಸಿ ಬರೆದಿದ್ದರು. ಆ ಆರು ಸಾಲಿಗೆ ಮೂರು ದಿನ ಹಿಡಿದಿತ್ತು.

"ಆ ವಕೀಲರ ಗುಮಾಸ್ತ ಮಂಜುನಾಥ್ ನಿನ್ನೆ ಬಂದಿದ್ನಲ್ಲ? ಏನು ಅವಸರ ಅವನದು!" ಎಂದರು ಮೇಡಂ.

ದೀಪ್ತಿ ಫೋನ್ ಮಾಡಿ, ಟಿಪ್ಪಣಿ ಮಾತ್ರ ಉಳಿದಿದೆ ಎಂದಳು. ಮಂಜುನಾಥ್ ನಕ್ಕ.

"ನಾನ್ಯಾಕೆ ಕದೀಲಿ? ಕದಿಯೋದಾದ್ರೆ ಆ ಟಿಪ್ಪಣೀನೇ ಮೊದಲು ಎತ್ತಿರ್ತಿದ್ದೆ. ಅದಿಲ್ದಿದ್ರೆ ಫೈಲು ವಾಪಸ್ ಬರುತ್ತೆ ಕಣಮ್ಮ!"

ದೀಪ್ತಿ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಯಾರೂ ಹಾಳೆ ಬದಲಿಸದಿರಲೆಂದು ಮೇಡಂ ಎಲ್ಲವನ್ನೂ ಹಸಿರು ದಾರದಿಂದ ಹೊಲಿಯುತ್ತಿದ್ದರು. ಸೂಜಿಯ ತೂತೊಂದೂ ಹರಿದಿರಲಿಲ್ಲ. ಮೇಜಿನ ಕೆಳಗೆ ಒಂದೇ ಅಳತೆಯ ದಾರದ ತುಂಡುಗಳು.

ನಿನ್ನೆ ಬಂದಿದ್ದ ಇನ್ನೊಬ್ಬರು ನೆನಪಾಗಿ, ಅವಳು ಆ ಹಾಳೆಯನ್ನು ಚೀಲಕ್ಕೆ ಹಾಕಿಕೊಂಡು ಹೊರಟಳು.

* * *

ಕಾಮಾಕ್ಷಿಪಾಳ್ಯ. ಗಾರ್ಮೆಂಟ್ಸ್ ಗೇಟಿನ ಹತ್ತಿರ ಊಟದ ಹೊತ್ತು. ಅಲ್ಲಿ ಹೊಲಿಗೆ ಕೆಲಸ ಮಾಡುವ ಹೇಮಶ್ರೀಯ ತಾಯಿ ವೆಂಕಟಲಕ್ಷ್ಮಮ್ಮ ಡಬ್ಬಿ ಬಿಚ್ಚಿ ಕೂತಿದ್ದರು. ತುತ್ತು ಮಾತ್ರ ಎತ್ತಿರಲಿಲ್ಲ.

"ಆಂಟಿ, ಕಾಗದ ಹರೀದೆ ಹೊಲಿಗೆ ಬಿಚ್ಚೋಕೆ ನುರಿತ ಕೈ ಬೇಕು," ಎಂದಳು ದೀಪ್ತಿ ಮೆಲ್ಲಗೆ. "ನಿನ್ನೆ ಬಂದವರು ಇಬ್ಬರೇ. ಕಾಗದ ಗೊತ್ತಿರೋ ಮಂಜುನಾಥ್ ಟಿಪ್ಪಣಿ ಬಿಡ್ತಿರಲಿಲ್ಲ. ಇದನ್ನ ತಗೊಂಡೋರು ಸೀಲು ಇರೋ ಹಾಳೆ ಮಾತ್ರ ಹುಡುಕಿದಾರೆ."

ಆಕೆ ಡಬ್ಬಿ ಮುಚ್ಚಿಟ್ಟರು.

"ನಿನ್ನೆ ದತ್ತು ಅಂದ್ಯಲ್ಲವ್ವ ನೀನು. ನಮ್ಮಲ್ಲಿ ದತ್ತು ಹೋದ ಮಗೂಗೆ ಹೆತ್ತಮ್ಮ ಸತ್ರೆ ಸೂತಕಾನೂ ತಾಗಲ್ಲ. ಕಾಗದಾನೇ ಇಲ್ದಿದ್ರೆ ಅವಳು ನನ್ನವಳಾಗೇ ಇರ್ತಾಳೆ ಅಂದ್ಕೊಂಡೆ."

"ತಪ್ಪು ನಂದು ಆಂಟಿ. ಅಷ್ಟು ಹೇಳಿ, ಫೋನ್ ಬಂತು ಅಂತ ಒಳಗೆ ಹೋಗ್ಬಿಟ್ಟೆ. ಉಳಿದದ್ದು ಇಲ್ಲಿದೆ."

ಕೊನೆಯ ಹಾಳೆಯನ್ನು ಅವಳು ಕನ್ನಡದಲ್ಲಿ ಓದಿ ಹೇಳಿದಳು. ಈ ದತ್ತಿನಲ್ಲಿ ಹೆತ್ತ ಮನೆಯ ನಂಟು ಕಡಿಯುವುದಿಲ್ಲ. ಮಗಳು ಹೊಸ ಮನೆಯವಳಾಗುತ್ತಾಳೆ. ಹಳೆಯ ಮನೆಯವಳಾಗಿಯೂ ಉಳಿಯುತ್ತಾಳೆ.

"ಇನ್ನೊಂದ್ಸಲ ಓದು."

ಓದಿದಳು.

"ಆ ಅಜ್ಜಿಗೆ ಯಾರೂ ಇಲ್ವಾ?"

"ಇಲ್ಲ."

ವೆಂಕಟಲಕ್ಷ್ಮಮ್ಮ ಚೀಲದಿಂದ ಹೊಸ ಬಟ್ಟೆಯಲ್ಲಿ ಸುತ್ತಿದ ನಾಲ್ಕು ಹಾಳೆ ತೆಗೆದರು. ಒಂದು ಮಡಿಕೆಯೂ ಬಿದ್ದಿರಲಿಲ್ಲ.

* * *

ಸಂಜೆ ಕಚೇರಿಯಲ್ಲಿ ಪ್ರಭಾ ಮೇಡಂ ವೆಂಕಟಲಕ್ಷ್ಮಮ್ಮನನ್ನು ಪಕ್ಕದಲ್ಲೇ ಕೂರಿಸಿಕೊಂಡರು. ಕಾಫಿ ಕೊಟ್ಟು, ಹಸಿರು ದಾರದ ಉಂಡೆ ಮುಂದಿಟ್ಟರು.

"ಆ ಕೊನೇ ಹಾಳೆ ಮೇಲಿಡವ್ವ," ಎಂದರು ವೆಂಕಟಲಕ್ಷ್ಮಮ್ಮ, ಸೂಜಿಗೆ ದಾರ ಪೋಣಿಸುತ್ತ. "ಓದೋರು ಅದನ್ನೇ ಮೊದಲು ನೋಡ್ಲಿ."

ಐದೂ ಹಾಳೆ ಸೇರಿಸಿ ಹೊಲಿದರು. ಎರಡೆರಡು ಸಲ, ಒತ್ತೊತ್ತಾಗಿ.