ಅರವತ್ತೈದರ ಮೇಲೆ

"ನೀವು ಅವರಿಗೆ ಏನಾಗಬೇಕು?"

ಐಸಿಯು ಬಾಗಿಲಲ್ಲಿ ಡಾಕ್ಟರ್ ಕೇಳಿದಾಗ, ಟೈಲರಿಂಗ್ ಮಾಡುವ ಆ ಹುಡುಗಿ ಗಾಜಿನಾಚೆ ಮಲಗಿದ್ದ ಅವನ ಕಡೆ ನೋಡಿದಳು. ಎರಡು ವರ್ಷದ ಪ್ರೀತಿಗೆ ಹೇಳಿಕೊಳ್ಳೋಕೆ ಒಂದು ಹೆಸರೂ ಇರಲಿಲ್ಲ...

"ನಮ್ಮನೆಯವಳೇ. ವಿಷಯ ಹೇಳಿ," ಎಂದಿತು ಹಿಂದಿನಿಂದ ಒರಟು ದನಿ.

ಅವನ ಅಕ್ಕ. ಬೆಳಿಗ್ಗೆ ಅವನ ಫೋನಿನಿಂದ ಇವಳಿಗೆ ಸುದ್ದಿ ಮುಟ್ಟಿಸಿದವಳು. ಮುಖ ನೋಡಿದ್ದು ಇದೇ ಮೊದಲು.

"ಗ್ಯಾರೇಜಿನಲ್ಲಿ ತಗಡು ಕುಯ್ದ ಗಾಯ ಕೀವಾಗಿ, ಸೋಂಕು ರಕ್ತಕ್ಕೆ ಸೇರಿದೆ," ಎಂದರು ಡಾಕ್ಟರ್. "ರಕ್ತನಾಳಗಳು ಬಿಗಿ ಕಳ್ಕೊಂಡು ಸಡಿಲಾಗಿವೆ. ಒಳಗಿನ ನೀರು ಹೊರಗೆ ಸೋರ್ತಿದೆ. ಅದಕ್ಕೇ ಬಿಪಿ ನಿಲ್ತಿಲ್ಲ."

"ಉಳೀತಾನಾ?" ಎಂದು ಇವಳು ಕೇಳಿದಳು.

"ಕೀವು ತೆಗೆದಿದೀವಿ. ಆಂಟಿಬಯೋಟಿಕ್, ಡ್ರಿಪ್, ನಾಳ ಬಿಗಿ ಮಾಡೋ ಔಷಧಿ ಎಲ್ಲಾ ಹೋಗ್ತಿದೆ. ಸರಾಸರಿ ಬಿಪಿ ಅರವತ್ತೈದರ ಮೇಲಿರಬೇಕು. ಈಗ ಐವತ್ತೆರಡು."



ನಿನ್ನೆ ಮದುವೆ ಮಾತಾಡೋಕೆ ಇವಳ ಮನೆಗೆ ಬರ್ತೀನಿ ಅಂದವನು ಬಂದಿರಲಿಲ್ಲ. ಕೈಕೊಟ್ಟ ಅಂದುಕೊಂಡು ಇವಳು, 'ಇನ್ನು ನನ್ನ ಮುಖ ನೋಡಬೇಡ' ಎಂದು ಮೆಸೇಜ್ ಹಾಕಿದ್ದಳು.

"ಜ್ವರದಲ್ಲೇ ಇಸ್ತ್ರಿ ಶರ್ಟು ಹಾಕ್ಕೊಂಡು ನಿಮ್ಮನೆಗೆ ಹೊರಟಿದ್ದ ಕಣೇ. ಮೆಟ್ಟಿಲ ಮೇಲೇ ಕುಸಿದುಬಿದ್ದ," ಎಂದಳು ಅಕ್ಕ. "ನಿನ್ನ ಮೆಸೇಜ್ ಅವನು ನೋಡಿಲ್ಲ. ನಾನು ನೋಡ್ದೆ."

ಇವಳು ತಲೆ ತಗ್ಗಿಸಿದಳು. ಅಕ್ಕ ಬೈಯಲಿಲ್ಲ. ಮೊಣಕೈ ಹಿಡಿದು ಒಳಗೆ ಕರೆದೊಯ್ದಳು.

ಅವನ ಬಾಯಲ್ಲಿ ಉಸಿರಾಟದ ಕೊಳವೆ. ಬೆರಳ ತುದಿಗಳು ನೀಲಿಗಟ್ಟಿದ್ದವು. ಮುಟ್ಟಿದರೆ ಕೊರೆಯುವಷ್ಟು ತಣ್ಣಗೆ.

"ಸಿಸ್ಟರ್, ಬೆರಳು ಯಾಕೆ ಹೀಗಿದೆ?"

"ರಕ್ತ ತುದಿವರೆಗೆ ಸರಿಯಾಗಿ ಹೋಗ್ತಿಲ್ಲ. ಬಿಗಿ ಮಾಡೋ ಔಷಧೀನೂ ಜಾಸ್ತಿ ಬೇಕಾಗ್ತಿದೆ," ಎಂದಳು ನರ್ಸ್.

ಐವತ್ತು. ನಲವತ್ತೆಂಟು...

ಮಾನಿಟರ್ ಕೂಗಿಕೊಂಡಿತು. ಡಾಕ್ಟರ್ ಓಡಿಬಂದು ನಾಳ ಬಿಗಿ ಮಾಡುವ ಇನ್ನೊಂದು ಔಷಧಿ ಸೇರಿಸಿ, ಸ್ಟೀರಾಯ್ಡ್ ಕೊಡಿಸಿದರು. ಇವಳು ಗೋಡೆಗೆ ಅಂಟಿಕೊಂಡು ನಿಂತಳು. 'ಹೋಗ್ಬೇಡ ಕಣೋ... ಕೋಪದಲ್ಲಿ ಅಂದಿದ್ದು...'

ಸಂಜೆ ಹೊತ್ತಿಗೆ ಐವತ್ತೆಂಟು. ಮಾರನೇ ದಿನ ಅರವತ್ತಾರು. ಆದರೂ ಇವಳಿಗೆ ನಂಬಿಕೆ ಬರಲಿಲ್ಲ. ಪ್ರತಿ ಸದ್ದಿಗೂ ಮಾನಿಟರ್ ಕಡೆ ತಿರುಗುತ್ತಿದ್ದಳು.

ನಾಲ್ಕನೇ ದಿನ ಬಿಗಿ ಮಾಡುವ ಔಷಧಿಯ ಪ್ರಮಾಣ ಇಳಿಸಿದರು. ಐದನೇ ದಿನ ಮಧ್ಯಾಹ್ನ ಕೊಳವೆ ತೆಗೆದರು. ಎರಡು ಬೆರಳ ತುದಿಗಳು ಮಾತ್ರ ಕಪ್ಪಾಗಿದ್ದವು. ಉಳಿದವು ಬೆಚ್ಚಗಾಗಿದ್ದವು.

ಅವನು ಕಣ್ಣು ಬಿಟ್ಟಾಗ ಇವಳು ಎಲ್ಲವನ್ನೂ ಹೇಳಿಬಿಟ್ಟಳು. ಮೆಸೇಜು, ಅನುಮಾನ, ಸಿಟ್ಟು.

"ನಿನ್ನನ್ನ ತಪ್ಪು ತಿಳ್ಕೊಂಡೆ. ನೀನಿಲ್ದೆ ನನಗೆ ಆಗಲ್ಲ."

ಅವನ ದನಿ ಒಡೆದುಹೋಗಿತ್ತು. "ತುಂಬಾ ಹೆದರ್ಕೊಂಡ್ಯಾ?"

"ಈಗಲೂ ಹೆದರಿಕೆನೇ."

"ನನಗೂ," ಎಂದ ಅವನು. "ಸ್ವಲ್ಪ ಹತ್ರ ಕೂತ್ಕೋ."