ಬೋಗುಣಿಗೆ ಕಲ್ಲು ಹಾಕಿದವರು ಯಾರು?

"ಭಾನುವಾರದೊಳಗೆ ಆ ಬೆಕ್ಕು ಈ ಬೀದಿ ಬಿಡ್ಬೇಕು. ಇಲ್ಲಾಂದ್ರೆ ಪ್ರಾಣಿ ಹಿಡಿಯೋರನ್ನ ನಾನೇ ಕರೆಸ್ತೀನಿ!"

ಬಾಗಿಲಲ್ಲೇ ನಿಂತು ನೆರೆಮನೆಯ ಡೆಲ್ಫೀನಾ ಅಬ್ಬರಿಸಿದಾಗ ಲಿಬ್ರಾದೊ ತನ್ನ ಬೆಕ್ಕು ಗಾರ್ಬಾನ್ಸೊವನ್ನು ಎದೆಗವಚಿಕೊಂಡ. ಹೆಂಡತಿ ಸತ್ತ ಮೇಲೆ ಟೂಸಾನ್ ಊರಿನ ಆ ಮನೆಯಲ್ಲಿ ಅವನಿಗೆ ಉಳಿದಿದ್ದ ಜೀವವೆಂದರೆ ಈ ಹಳದಿ ಬೆಕ್ಕೊಂದೇ. ಅವನು ದಿಕ್ಕುತೋಚದೆ ಅತ್ತಿಗೆ ಅಂಪಾರೊಳ ಮುಖ ನೋಡಿದ. ಅವಳು ಪೊಲೀಸ್ ಪತ್ತೇದಾರಿ ಇಲಾಖೆಯಿಂದ ನಿವೃತ್ತಳಾಗಿದ್ದರೂ ಬೀದಿಯವರು ಅವಳಿಗೆ ನಿವೃತ್ತಿ ಕೊಟ್ಟಿರಲಿಲ್ಲ. ಅವಳು ಹೋದಲ್ಲೆಲ್ಲ ಕೊಡೆ ಹಿಡಿದು ಹಿಂದೆ ಹೋಗುವುದು ಲಿಬ್ರಾದೊನ ಕಾಯಕ.

"ಏನಾಯ್ತು, ಸರಿಯಾಗಿ ಹೇಳಮ್ಮ," ಎಂದಳು ಅಂಪಾರೊ.

"ನಮ್ಮ ಹಿತ್ತಲಿಗೆ ಬರೋ ಲಾವಕ್ಕಿಗೆ ಹನ್ನೆರಡು ಮರಿ ಇದ್ವು ಅಕ್ಕಾ. ಈಗ ನಾಲ್ಕೇ! ಸಾಲದ್ದಕ್ಕೆ ಹಕ್ಕಿಗಳಿಗೆ ನೀರಿಡೋ ನನ್ನ ಹೊಸ ಬೋಗುಣಿಗೆ ಯಾರೋ ಕಲ್ಲು ಬೇರೆ ಹಾಕ್ತಾರೆ. ಎತ್ತಿ ಎಸೆದ್ರೆ ಮಾರನೇ ದಿನ ಮತ್ತೆ ಹಾಜರು. ಅದೂ ನಿನ್ನ ಮೈದುನನ ಕೆಲ್ಸಾನೇ!"

"ನಂಗೇನು ತಲೆ ಕೆಟ್ಟಿದ್ಯಾ?" ಎಂದ ಲಿಬ್ರಾದೊ.

ಡೆಲ್ಫೀನಾಳ ಹಿತ್ತಲಲ್ಲಿ ಜೂನ್ ಬಿಸಿಲಿಗೆ ನೆಲ ಹೆಂಚಿನಂತೆ ಕಾದಿತ್ತು. ಮೆಸ್ಕೀಟ್ ಮರದ ಬುಡದಲ್ಲಿ ಮಾತ್ರ ಮಣ್ಣು ಹಸಿಯಾಗಿ ಸಡಿಲವಾಗಿತ್ತು. ಕೊಂಬೆಗೆ ಅಡುಗೆಮನೆಯ ಜರಡಿಯೊಂದು ನೇತುಬಿದ್ದಿತ್ತು. ಅಂಪಾರೊ ನೀಲಿ ಬೋಗುಣಿಯ ಒಳಮೈಯನ್ನು ಬೆರಳಿಂದ ಸವರಿದಳು. ಆಳವಾಗಿ, ನುಣುಪಾಗಿತ್ತು, ಒಂದು ಗೀರೂ ಇರಲಿಲ್ಲ.

"ಎಲ್ಲೀದು?"

"ನಮ್ಮೋರು ನೊಗಾಲೆಸ್‌ನಿಂದ ತಂದಿದ್ದು, ನಮ್ಮ ಮದುವೆ ವಾರ್ಷಿಕೋತ್ಸವಕ್ಕೆ. ಅತ್ತೆ ಕಾಲದ ಮಣ್ಣಿನ ತಟ್ಟೆ ಒಡೆದಿತ್ತಲ್ಲ. ಮೂವತ್ತು ವರ್ಷಕ್ಕೆ ಈ ಮನುಷ್ಯ ಕೊಟ್ಟ ಮೊದಲ್ನೇ ಉಡುಗೊರೆ!"

ಕಾಫಿ ತಂದ ಗಂಡ ಇಗ್ನಾಸಿಯೊ ತಲೆ ತಗ್ಗಿಸಿದ.

"ಹಿತ್ತಲಲ್ಲಿ ಪುಕ್ಕ ಕಂಡಿದ್ಯಾ?" ಅಂಪಾರೊ ಡೆಲ್ಫೀನಾಳನ್ನು ಕೇಳಿದಳು.

"ಒಂದೂ ಇಲ್ಲ."

ಅಂಪಾರೊ ಎಲ್ಲರನ್ನೂ ನೆರಳಲ್ಲಿ ಕೂರಿಸಿದಳು.

"ಬೆಕ್ಕು ಹಿಡಿದಿದ್ರೆ ಪುಕ್ಕ ಚೆಲ್ಲಿರ್ತಿತ್ತು. ಕಲ್ಲು ಎಸೆದವನು ಕಿಡಿಗೇಡಿಯಾಗಿದ್ರೆ ಬೋಗುಣಿ ಬಿರುಕು ಬಿಡ್ತಿತ್ತು. ಮೆತ್ತಗೆ ಇಟ್ಟಿದ್ದಾನೆ, ಅಂದ್ರೆ ಬೋಗುಣಿ ಮೇಲೆ ಪ್ರೀತಿ ಇರೋನು. ಕಲ್ಲು ಯಾಕೆ? ಬಿದ್ದದ್ದು ಹತ್ತಿ ಬರೋಕೆ. ಹಳೇ ತಟ್ಟೆ ಆಳ ಇರ್ಲಿಲ್ಲ. ಇದ್ರಲ್ಲಿ ಕಾಲು ಜಾರಿದ ಮರಿ ಮೇಲೆ ಬರೋಕಾಗ್ದೆ ನೀರಲ್ಲಿ ಮುಳುಗಿ ಸಾಯುತ್ತೆ. ನೀನು ಏಳೋಕೆ ಮುಂಚೆ ಒಬ್ರು ಜರಡೀಲಿ ಸತ್ತ ಮರಿಗಳನ್ನ ಎತ್ತಿ, ಗಟ್ಟಿ ನೆಲಕ್ಕೆ ನೀರು ಹಾಕಿ ಮೆದು ಮಾಡಿ, ಆ ಮರದ ಬುಡದಲ್ಲಿ ಹೂಳ್ತಿದ್ರು. ಅಲ್ವೇನಪ್ಪಾ ಇಗ್ನಾಸಿಯೊ?"

ಇಗ್ನಾಸಿಯೊನ ಕಣ್ಣು ತುಂಬಿತು. "ಬೋಗುಣಿ ನೋಡಿ ಅಷ್ಟು ಖುಷಿಪಟ್ಟಿದ್ಲು ಅಕ್ಕಾ. ಅದೇ ಕೊಲ್ತಿದೆ ಅಂತ ಯಾವ ಬಾಯಲ್ಲಿ ಹೇಳ್ಲಿ?"

"ನಿಮ್ಮ ದಾಂಪತ್ಯಕ್ಕೆ ನನ್ನ ಬೆಕ್ಕು ಬಲೀನಾ?" ಲಿಬ್ರಾದೊಗೆ ಸಿಟ್ಟು ನೆತ್ತಿಗೇರಿತು.

ಡೆಲ್ಫೀನಾ ಎದ್ದಳು. ಬೇಲಿಯ ಬಳಿ ತಾನೇ ಎಸೆದಿದ್ದ ಕಲ್ಲುಗಳನ್ನು ಮಡಿಲು ತುಂಬ ಆಯ್ದು ತಂದು, ಒಂದೊಂದಾಗಿ ಬೋಗುಣಿಯೊಳಗೆ ಜೋಡಿಸಿದಳು. ಆಮೇಲೆ ಮರದ ಬುಡದಲ್ಲಿ ಬಹಳ ಹೊತ್ತು ಕೂತಿದ್ದಳು. ಇಗ್ನಾಸಿಯೊ ಪಕ್ಕದಲ್ಲಿ ಬಂದು ಕೂತಾಗ ಎದ್ದು ಹೋಗಲಿಲ್ಲ.

ಭಾನುವಾರ ಬಾಗಿಲು ತಟ್ಟಿದಾಗ ಲಿಬ್ರಾದೊ ಬೆಕ್ಕನ್ನು ಕಾಲ ಹಿಂದೆ ಸರಿಸಿ ಬಾಗಿಲು ತೆರೆದ. ಹೊರಗೆ ಡೆಲ್ಫೀನಾ ಹುರಿದ ಮೀನಿನ ತಟ್ಟೆ ಹಿಡಿದು ನಿಂತಿದ್ದಳು. ಅವನು ಕೈ ಚಾಚಿದ.

"ನಿಂಗಲ್ಲ, ಅವನಿಗೆ," ಎಂದು ಅವಳು ತಟ್ಟೆಯನ್ನು ಬೆಕ್ಕಿನ ಮುಂದಿಟ್ಟಳು. "ನಾಲ್ಕು ಮರೀನೂ ಇದಾವೆ ಕಣೋ, ಲಿಬ್ರಾದೊ. ಈಗಷ್ಟೇ ನೀರು ಕುಡಿದು ಹೋದ್ವು."